ಮದುವಿ ಕ್ಯಾಮೆರಾ, ಮಣ್ಣಿನ ಕ್ಯಾಮೆರಾ

ಇಳಕಲ್ಲಿನಲ್ಲಿ ಫೋಟೊ ಸ್ಟುಡಿಯೊಗಳಿಗೆ ಬರವಿಲ್ಲ. ಆದರೆ ಬಾಗಿಲ ಮೇಲೆ ‘ಮದುವೆಗೆ ಬೇರೆ, ಮಣ್ಣಿಗೆ ಬೇರೆ ಕ್ಯಾಮೆರಾ ಇದೆ’ ಎಂದು ಕೆಂಪು ಬಣ್ಣದಲ್ಲಿ ಬರೆಸಿಟ್ಟವನು ನಮ್ಮಪ್ಪ ಒಬ್ಬನೇ. ಹೊರ ಊರಿನವರು ಬೋರ್ಡಿನ ಮುಂದೆ ಗಾಡಿ ನಿಲ್ಲಿಸಿ, ಇಲ್ಲಿ ಹೊಲದ ಮಣ್ಣಿನ ಪರೀಕ್ಷೆಯನ್ನೂ ಮಾಡುತ್ತಾರೇನೋ ಎಂದು ತಲೆ ಕೆರೆದುಕೊಳ್ಳುತ್ತಾರೆ. ನಮ್ಮ ಕಡೆ ಮಣ್ಣಿಗೆ ಹೋಗುವುದೆಂದರೆ ಸತ್ತವರನ್ನು ಹೂಳಲು ಹೋಗುವುದು. ಹೂಳುವ ಮೊದಲು ಮೈ ತೊಳೆದು, ಹಣೆಗೆ ವಿಭೂತಿ ಬಳಿದು, ಹಾರ ಹಾಕಿ, ಗೋಡೆಗೆ ಒರಗಿಸಿ ಕೂರಿಸುತ್ತಾರೆ. ಮನೆಯವರೆಲ್ಲ ಆಚೀಚೆ ಕೂತು ಕಡೆಯ ಫೋಟೊ ತೆಗೆಸಿಕೊಳ್ಳುತ್ತಾರೆ. ಅಷ್ಟು ಜನರಲ್ಲಿ ಅಲುಗಾಡದೆ ಕೂರುವ ಗಿರಾಕಿ ಒಬ್ಬರೇ. ‘ಅಯ್ಯ, ಕಣ್ಣು ಮುಚ್ಚಿಬಿಟ್ಟೆ, ಇನ್ನೊಂದು ತೆಗೀರಿ’ ಎಂದು ಅವರು ಯಾವತ್ತೂ ಗಂಟು ಬಿದ್ದದ್ದಿಲ್ಲ.

ಎರಡೂ ಒಂದೇ ಕಂಪನಿಯ ಕ್ಯಾಮೆರಾಗಳು. ಎರಡನ್ನೂ ಅಪ್ಪ ಬೇರೆಯವರ ಕೈಯಿಂದ ತಂದದ್ದು, ಎರಡಕ್ಕೂ ಈಗ ವಯಸ್ಸಾಗಿದೆ. ಹಳೆಯದು ಅಕ್ಕ, ಆಮೇಲೆ ಬಂದದ್ದು ತಂಗಿ. ಮೊದಲು ಅಕ್ಕ ಒಬ್ಬಳೇ ಇದ್ದಾಗ ಹಡೆದ ಮನೆಗೂ ಹೆಣದ ಮನೆಗೂ ಅವಳೇ ಹೋಗುತ್ತಿದ್ದಳು. ಒಮ್ಮೆ ಹುನಗುಂದದ ಮದುವೆಯೊಂದರಲ್ಲಿ, ಮದುಮಗಳ ತಾಯಿ ಕ್ಯಾಮೆರಾದ ಬೆಲ್ಟಿಗೆ ಅಂಟಿದ್ದ ವಿಭೂತಿಯನ್ನೂ ಚೀಲದಿಂದ ಉದುರಿದ ಒಣಗಿದ ಚೆಂಡುಹೂವಿನ ಎಸಳನ್ನೂ ಕಂಡುಬಿಟ್ಟಳು.

“ಇದ ಕ್ಯಾಮೆರಾದಾಗ ಹೆಣಾ ತಗೀತೀರೇನ್ರಿ?” ಎಂದಳು.

ಅಪ್ಪ ಸುಳ್ಳು ಹೇಳಲು ಬಾಯಿ ತೆರೆದನಂತೆ, ಆದರೆ ಅಷ್ಟರಲ್ಲಿ ಎಸಳು ಅಕ್ಷತೆಯ ತಟ್ಟೆಗೇ ಬಿದ್ದಿತ್ತು. ಅಲ್ಲಿಂದ ಅವನು ನಡೆದು ಬಂದನೋ ಓಡಿ ಬಂದನೋ ಎಂಬುದರ ಬಗ್ಗೆ ಮನೆಯಲ್ಲಿ ಇವತ್ತಿಗೂ ಎರಡು ಮಾತಿವೆ. ತಿಂಗಳೊಪ್ಪತ್ತಿನಲ್ಲಿ ತಂಗಿ ಬಂದಳು, ಬೋರ್ಡು ಬಂತು, ನಿಯಮ ಬಂತು. ಮದುವೆ, ಸೀಮಂತ, ಸೀರೆ ಎಲ್ಲ ತಂಗಿಗೆ. ಮಣ್ಣು ಅಕ್ಕನಿಗೆ. ತಂಗಿಗೆ ನೀಲಿ ಚೀಲ, ಅಕ್ಕನಿಗೆ ಕರಿ ಚೀಲ. ಆಯುಧ ಪೂಜೆಯ ದಿನ ಅವ್ವ ತಂಗಿಗೆ ಕೈಯಾರೆ ಕುಂಕುಮ ಹಚ್ಚುತ್ತಾಳೆ. ಅಕ್ಕನಿಗೆ ಬಾಗಿಲಲ್ಲಿ ನಿಂತೇ ಹೂವು ಎಸೆಯುತ್ತಾಳೆ. ಅದು ಪ್ರತಿ ವರ್ಷ ತಪ್ಪದೆ ಪ್ರಿಂಟರಿನ ಮೇಲೆ ಬೀಳುತ್ತದೆ. ಇಡೀ ಜಿಲ್ಲೆಯಲ್ಲಿ ಅಷ್ಟು ಪೂಜೆ ಕಂಡ ಪ್ರಿಂಟರು ಇನ್ನೊಂದಿರಲಿಕ್ಕಿಲ್ಲ.

ನನ್ನ ಕೆಲಸ ಸೀರೆಯದು. ಕಾಲೇಜು ಮುಗಿಸಿ ಬಂದಮೇಲೆ ಮಧ್ಯಾಹ್ನ ಸೀರೆ ಸಾವಕಾರರ ಮಾಲಿನ ಫೋಟೊ ತೆಗೆಯುವುದು. ಅವರು ಅದನ್ನು ವಾಟ್ಸಾಪಿನಲ್ಲಿ ಊರೂರಿಗೆ ಕಳಿಸುವುದು. ಉಡುವ ಹುಡುಗಿ ನನ್ನ ಗೆಳತಿ. ನಮ್ಮ ಓಣಿಯ ಹಿಂದಿನ ಓಣಿಯಲ್ಲಿ ಅವಳ ಮನೆ. ಅವಳಪ್ಪ ಮಗ್ಗದ ಕುಣಿಯಲ್ಲಿ ಕೂತು ಸೀರೆ ನೇಯುತ್ತಿದ್ದರು. ಅವಳವ್ವ ಕಂಡಿಕೆಗೆ ನೂಲು ಸುತ್ತುತ್ತಿದ್ದಳು, ಮತ್ತು ಸೀರೆಯ ಮೈಯ ಎಳೆಗೂ ಸೆರಗಿನ ಎಳೆಗೂ ಕೊಂಡಿ ಹಾಕುತ್ತಿದ್ದಳು. ಇಳಕಲ್ ಸೀರೆಯ ಮೈ ಬೇರೆ ನೂಲು, ಬಿಳಿ ತೆನೆಗಳ ಚಿತ್ತಾರವಿರುವ ಸೆರಗು ಬೇರೆ ನೂಲು. ಎರಡನ್ನೂ ಎಳೆಗೆ ಎಳೆ ಕೊಂಡಿ ಹಾಕಿ ಸೇರಿಸಬೇಕು. ಆ ಜೋಡಣೆ ಎಲ್ಲಿದೆಯೆಂದು ಹುಡುಕಿದರೂ ಸಿಗದಂತೆ ಅವಳು ಹಾಕುತ್ತಿದ್ದಳು. ನಾನು ಅವಳನ್ನು ಚಿಗವ್ವ ಎನ್ನುತ್ತಿದ್ದೆ.

ಫೋಟೊಗೆ ಚಿಗವ್ವನ ಷರತ್ತು ಒಂದೇ. “ನನ್ನ ಮಗಳ ಮಾರಿ ಮಂದಿ ಫೋನಿನಾಗ ತಿರಗಬಾರ್ದು ನೋಡವ್ವ.” ಸಾವಕಾರರ ಷರತ್ತೂ ಅದೇ ಆಗಿತ್ತು, ಕಾರಣ ಮಾತ್ರ ಬೇರೆ. “ಮಾರಿ ತಗೊಂಡು ಏನ್ ಮಾಡ್ಲಿ? ಗಿರಾಕಿ ಸೆರಗ ನೋಡ್ತಾರ. ಸೆರಗಿನ ಮ್ಯಾಗಿನ ತೆನಿ ಎಣಿಸೂ ಹಂಗ ಬರ್ಬೇಕು. ತಲಿ ಹಾರ್ಸು.”

ತಲಿ ಹಾರ್ಸು. ಕೊರಳಿಂದ ಮೇಲಿನದು ಫೋಟೊದಲ್ಲಿ ಬರದಂತೆ ಬಿಡುವುದಕ್ಕೆ ನಮ್ಮ ಸ್ಟುಡಿಯೊದ ಮಾತು ಅದು. ಆ ಕೆಲಸದಲ್ಲಿ ನನ್ನನ್ನು ಮೀರಿಸುವವರಿರಲಿಲ್ಲ. ತಂಗಿಯ ಬೆನ್ನಿಗೆ ಮಡಚಿ ತೆರೆಯುವ ಪರದೆಯಿದೆ. ಕಣ್ಣಿಟ್ಟು ಕಿಂಡಿಯಲ್ಲಿ ನೋಡಬೇಕಿಲ್ಲ, ಪರದೆಯಲ್ಲಿ ಕಂಡದ್ದೇ ಫೋಟೊದಲ್ಲಿ ಬರುತ್ತದೆ, ಒಂದು ಎಳ್ಳಿನಷ್ಟೂ ಹೆಚ್ಚಿಲ್ಲ, ಕಡಿಮೆಯಿಲ್ಲ. ಗದ್ದದ ಕೆಳಗೆ ಸರಿಯಾಗಿ ಗೆರೆ ಎಳೆದಂತೆ ನಾನು ಹಾರಿಸುತ್ತಿದ್ದೆ. “ರಾಜರ ಕಾಲದಾಗ ಹುಟ್ಟಿದ್ರ ನನಗ ದೊಡ್ಡ ನೌಕರಿ ಸಿಗ್ತಿತ್ತು” ಎಂದು ಗೆಳತಿಯ ಮುಂದೆ ಮೆರೆಯುತ್ತಿದ್ದೆ. ಅವಳು ಬಿದ್ದು ಬಿದ್ದು ನಗುತ್ತಿದ್ದಳು.

ಅವಳ ನಗುವಿನದ್ದೊಂದು ಕತೆ. ಮೇಲಿನ ಸಾಲಿನಲ್ಲಿ ಎಡಕ್ಕೆ ಒಂದು ಹಲ್ಲು ಇನ್ನೊಂದರ ಮೇಲೆ ಹತ್ತಿ ಕೂತಿತ್ತು, ಬಸ್ಸಿನಲ್ಲಿ ಸೀಟು ಸಿಗದೆ ಬೇರೆಯವರ ತೊಡೆಯ ಮೇಲೆ ಕೂತವರ ಹಾಗೆ. ಅದಕ್ಕಾಗಿ ಅವಳು ಫೋಟೊ ಎಂದ ಕೂಡಲೇ ತುಟಿ ಹೊಲಿದುಕೊಳ್ಳುತ್ತಿದ್ದಳು, ನಗು ತಡೆಯಲಾಗದಿದ್ದರೆ ಅಂಗೈ ಅಡ್ಡ ಹಿಡಿಯುತ್ತಿದ್ದಳು. ಅವಳ ಕೈಗೆ ಮನೆಯಲ್ಲಿ ಫೋನು ಕೊಟ್ಟಿರಲಿಲ್ಲ. ನನ್ನ ಫೋನಿನಲ್ಲಿ ಅವಳಿರುವ ಫೋಟೊಗಳಲ್ಲೆಲ್ಲ ಒಂದು ಜಡೆ, ನಕ್ಕು ನಕ್ಕು ಮುಚ್ಚಿದ ಎರಡು ಕಣ್ಣು, ಒಂದು ಅಂಗೈ. ಬಾಯಿ ಎಂಬುದು ಅವಳಿಗಿತ್ತು ಎನ್ನುವುದಕ್ಕೆ ಸಾಕ್ಷಿಯೇ ಇಲ್ಲ. ಆದರೆ ಸೀರೆಯ ಫೋಟೊದಲ್ಲಿ ತಲೆಯೇ ಬರುವುದಿಲ್ಲವಲ್ಲ! ಅಲ್ಲಿ ಮಾತ್ರ ಅಂಗೈ ಕೆಳಗಿಳಿಯುತ್ತಿತ್ತು. ಹಲ್ಲನ್ನು ಗಾಳಿಗೆ ಬಿಟ್ಟು, ಬಾಯಿ ತುಂಬ ನಗುತ್ತ ನಿಲ್ಲುತ್ತಿದ್ದಳು. ನಾನು ಶ್ರದ್ಧೆಯಿಂದ ಆ ನಗುವನ್ನು ಕತ್ತರಿಸಿ ಸಾವಕಾರರಿಗೆ ಸೆರಗು ಕಳಿಸುತ್ತಿದ್ದೆ.

ಹೀಗಿರುವಾಗ ಅಪ್ಪ ಕಣ್ಣು ತೋರಿಸಲು ಬಾಗಲಕೋಟೆಗೆ ಹೋದ. ಎರಡೂ ಕ್ಯಾಮೆರಾ ಮನೆಯಲ್ಲಿದ್ದವು. ನಾನು ಆಗ ಯೂಟ್ಯೂಬಿನಲ್ಲಿ ಕ್ಯಾಮೆರಾ ಹೋಲಿಸುವವರನ್ನು ನೋಡಿ ನೋಡಿ, ಅವರೆಲ್ಲ ಸೇರಿದರೂ ನನ್ನ ಕಾಲ ಧೂಳಿಗೆ ಸಮವಲ್ಲ ಎಂಬ ನಿರ್ಧಾರಕ್ಕೆ ಬಂದಿದ್ದೆ. ಒಂದೇ ಕಿಟಕಿ, ಒಂದೇ ಬೆಳಕು, ಒಂದೇ ಸೀರೆ, ಒಂದೇ ಹುಡುಗಿ. ಅಕ್ಕ ಹೆಚ್ಚೋ ತಂಗಿ ಹೆಚ್ಚೋ ನೋಡಿಯೇ ಬಿಡೋಣ ಎಂದು ಕರಿ ಚೀಲದ ಜಿಪ್ಪು ಎಳೆದೆ.

ಗೆಳತಿ ಹಿಂದಕ್ಕೆ ಸರಿದಳು. “ಯವ್ವಾ! ಅದು ಮಣ್ಣಿಂದಲ್ಲ? ಅದನ್ಯಾಕ ತಗದಿ?”

“ಪರೀಕ್ಷಾ ಮಾಡಾಕ. ಇದೇನ್ ಕಡಿತೈತೇನ?”

“ನಿಮ್ಮಪ್ಪಗ ಗೊತ್ತಾದ್ರ?”

“ನೀ ಹೇಳಿದ್ರ ಗೊತ್ತಾಗ್ತೈತಿ. ತಲಿ ಅಂತೂ ಬರಂಗಿಲ್ಲ. ತಲಿ ಇಲ್ಲದಕಿ ಯಾರಂತ ಯಮಗಾದ್ರೂ ಹೆಂಗ ಗುರ್ತ ಹತ್ತಬೇಕು?”

ಈ ಮಾತು ನನ್ನ ಬಾಯಿಂದ ಬಂದದ್ದು. ಆಗ ಇದು ನನ್ನ ಜೀವಮಾನದ ಅತ್ಯುತ್ತಮ ಹಾಸ್ಯ ಎಂದು ನನಗೇ ಮೆಚ್ಚುಗೆಯಾಗಿತ್ತು.

ಮೊದಲು ತಂಗಿ. ಹನ್ನೆರಡು ಮೆಗಾಪಿಕ್ಸೆಲ್, ವಿಡಿಯೊ ಬರುತ್ತದೆ, ಕತ್ತಲೆಯಲ್ಲೂ ಕಣ್ಣು ಕಾಣುತ್ತದೆ, ಹಗುರ. ಅವಳ ಕುಂದು ಒಂದೇ: ಕೆಂಪು ಕಂಡರೆ ತಲೆ ಕೆಡುತ್ತದೆ. ಇಳಕಲ್ ಸೆರಗಿನ ಆ ಗಾಢ ಕೆಂಪು ಅವಳಲ್ಲಿ ಕರಗಿ ಕುಂಕುಮ ಚೆಲ್ಲಿದಂತೆ ಒಂದೇ ಮುದ್ದೆಯಾಗಿ ಬಿಡುತ್ತದೆ. ಒಮ್ಮೆ ಬಾದಾಮಿಯಲ್ಲಿ ಅಗಸ್ತ್ಯ ತೀರ್ಥದ ಮೆಟ್ಟಿಲ ಮೇಲೆ ಮದುವೆಗೆ ಮುಂಚಿನ ಫೋಟೊ ತೆಗೆಯಲು ಹೋದಾಗ, ಕೆಂಪು ಸೀರೆಯ ಹುಡುಗಿ ಕೆಂಪು ಬಂಡೆಯಲ್ಲಿ ಬೆರೆತು, ಹುಡುಗ ಬಂಡೆಯನ್ನೇ ತಬ್ಬಿಕೊಂಡು ನಿಂತಂತೆ ಬಂದಿತ್ತು.

ಆಮೇಲೆ ಅಕ್ಕ. ಆರೇ ಮೆಗಾಪಿಕ್ಸೆಲ್. ಪರದೆ ಕಡ್ಡಿಪೆಟ್ಟಿಗೆಯಷ್ಟು. ಅದರಲ್ಲಿ ತೆಗೆದ ಫೋಟೊ ಮಾತ್ರ ನೋಡಬಹುದು. ತೆಗೆಯುವಾಗ ಕಿಂಡಿಗೆ ಕಣ್ಣಿಡಲೇಬೇಕು. ತೂಕ ಬೀಸುವ ಕಲ್ಲಿನದು. ಗುಂಡಿ ಒತ್ತಿದರೆ ‘ಖಟಕ್’ ಎಂದು ಕಬ್ಬಿಣದ ಚಿಲಕ ಬಿದ್ದಂತೆ ಸದ್ದು. ಸತ್ತವರು ಎದ್ದು ಕೂರದಿರುವುದೇ ಆಶ್ಚರ್ಯ. ಬೆಳಕು ಒಂಚೂರು ಇಳಿದರೆ ಫೋಟೊ ತುಂಬ ರವೆ ಚೆಲ್ಲಿದಂತೆ ಕಾಳು ಕಾಳು. ನಾಲ್ಕು ಫೋಟೊ ತೆಗೆದರೆ ಏದುಸಿರು ಬಿಟ್ಟು ನಿಂತುಬಿಡುತ್ತಾಳೆ.

ಆದರೆ ಕಂಪ್ಯೂಟರಿಗೆ ಹಾಕಿ ನೋಡಿದಾಗ ನನ್ನ ಬಾಯಿ ಮುಚ್ಚಿತು. ಅದು ವರ್ಷಕ್ಕೊಮ್ಮೆ ಆಗುವ ಘಟನೆ. ಅಕ್ಕನ ಕೆಂಪು ಕೆಂಪಾಗಿತ್ತು. ಸೆರಗಿನ ಒಂದೊಂದು ತೆನೆ, ತೆನೆಯ ಒಂದೊಂದು ಎಳೆ, ಬಿಳಿ ಎಲ್ಲಿ ಕೆಂಪನ್ನು ಹೊಕ್ಕಿದೆ ಎಂಬುದು ಕೂಡ ಕಾಣುತ್ತಿತ್ತು. ಕೈಯ ಚರ್ಮ ಕೂಡ ಕೈಯ ಚರ್ಮದ ಹಾಗೇ ಇತ್ತು. ತಂಗಿಯಲ್ಲಿ ಅದು ಸ್ವಲ್ಪ ಹಸಿರು ಹೊಡೆಯುತ್ತದೆ. ಅಂದರೆ ಜೀವವಿದ್ದವರನ್ನು ಹೆಣದ ಬಣ್ಣಕ್ಕೆ ತರುವವಳನ್ನು ಮದುವೆಗೂ, ಹೆಣಕ್ಕೂ ಜೀವದ ಬಣ್ಣ ಕೊಡುವವಳನ್ನು ಮಣ್ಣಿಗೂ ಅಪ್ಪ ಇಟ್ಟುಕೊಂಡಿದ್ದ.

ಇನ್ನೊಂದು ವಿಷಯವಿತ್ತು. ಅಕ್ಕನ ಕಿಂಡಿಯಲ್ಲಿ ನೋಡಿ ಗದ್ದದ ಕೆಳಗೇ ಹಾರಿಸಿದ್ದೆ. ಫೋಟೊದಲ್ಲಿ ಮಾತ್ರ ಇನ್ನೆರಡು ಬೆರಳು ಮೇಲಕ್ಕೆ ಗದ್ದ ಇತ್ತು, ತುಟಿ ಇತ್ತು. ಆಗ ಅಪ್ಪ ಯಾವಾಗಲೋ ಹೇಳಿದ್ದು ನೆನಪಾಯಿತು: “ಕಿಂಡ್ಯಾಗ ಕಾಣೂದಕ್ಕಿಂತ ಎರಡ ಬಟ್ಟು ಹೆಚ್ಚಿಗಿ ಬೀಳ್ತೈತಿ ಫೋಟೊದಾಗ. ಕ್ಯಾಮೆರಾದ ಕಣ್ಣು ನಮ್ಮ ಕಣ್ಣಿಗಿಂತ ಆಸೆಬುರುಕ.” ಹನ್ನೆರಡು ಫೋಟೊ ತೆಗೆದಿದ್ದೆ. ಮೂರರಲ್ಲಿ ಅವಳು ನಗುತ್ತಿದ್ದಳು. ಒಂದರಲ್ಲಿ ಆ ಹಲ್ಲು.

“ಅಳಸು ಅದನ್ನ!” ಎಂದು ಅಂಗೈಯಿಂದ ಪರದೆ ಮುಚ್ಚಿದಳು ಗೆಳತಿ. “ಮೊದಲ ಅಳಸು.”

“ಅಳಸ್ತೇನಿ ತಗಿ” ಎಂದೆ. ಅಳಿಸಲಿಲ್ಲ. ಯಾವಾಗಲಾದರೂ ಅವಳನ್ನು ಕಾಡಿಸಲು ಬೇಕಾಗುತ್ತದೆಂದು ‘ಗಣಿತ ನೋಟ್ಸ್’ ಎಂಬ ಫೋಲ್ಡರಿನಲ್ಲಿ ಬಚ್ಚಿಟ್ಟೆ. ನಮ್ಮ ಮನೆಯಲ್ಲಿ ಆ ಹೆಸರಿನ ಫೋಲ್ಡರನ್ನು ಯಾರೂ ತೆರೆಯುವುದಿಲ್ಲ, ನಾನಂತೂ ಮೊದಲೇ ಇಲ್ಲ. ಕಾರ್ಡು ಖಾಲಿ ಮಾಡಿ, ಅಕ್ಕನನ್ನು ಒರೆಸಿ, ಕರಿ ಚೀಲದಲ್ಲಿ ಮೊದಲಿದ್ದ ಹಾಗೇ ಮಲಗಿಸಿದೆ.

ಎರಡು ವಾರವೂ ಆಗಿರಲಿಲ್ಲ. ಶನಿವಾರ ಅವಳು ತನ್ನ ಅಣ್ಣನ ಗಾಡಿಯ ಹಿಂದೆ ಕೂತು ತುಳಸಿಗೇರಿಯ ಹಣಮಪ್ಪನ ದರ್ಶನಕ್ಕೆ ಹೊರಟಳು. ದಾರಿಯಲ್ಲಿ ಮುಂದೆ ಹೋಗುತ್ತಿದ್ದ, ಕಲ್ಲಿನ ಹಾಳೆ ಹೇರಿದ ಲಾರಿ ಒಮ್ಮೆಲೇ ನಿಂತಿತು. ಅಣ್ಣನಿಗೆ ಕಾಲು ಮುರಿಯಿತು. ಅವಳ ವಿಷಯದಲ್ಲಿ ಬಾಗಲಕೋಟೆಯ ದವಾಖಾನೆಯವರು ಮಾಡುವುದೇನೂ ಉಳಿದಿರಲಿಲ್ಲ.

ಮರುದಿನ ಮಧ್ಯಾಹ್ನ ಅವಳನ್ನು ತಂದರು. ಅಪ್ಪನಿಗೆ ಕರೆ ಬಂತು. ಅವನು ಕರಿ ಚೀಲ ಹೆಗಲಿಗೆ ಹಾಕಿಕೊಂಡ. ನಾನು ಹಿಂದೆ ಹಿಂದೆ ಹೋದೆ. ಮಗ್ಗದ ಮನೆಯ ಮುಂದಿನ ಪಡಸಾಲೆಯಲ್ಲಿ ಗೋಡೆಗೆ ಒರಗಿಸಿ ಕೂರಿಸಿದ್ದರು. ಹೊಸ ಸೀರೆ ಉಡಿಸಿದ್ದರು. ಅವಳಪ್ಪನೇ ನೇಯ್ದದ್ದು; ಸೆರಗು ನನಗೆ ಗುರುತು ಸಿಕ್ಕಿತು. ಹಾರವಿತ್ತು. ಹಾರದ ಮೇಲೆ ಮುಖವಿರಲಿಲ್ಲ. ಗದ್ದದಿಂದ ನೆತ್ತಿಯವರೆಗೆ ಬಿಳಿ ಬಟ್ಟೆ ಸುತ್ತಿದ್ದರು.

ಚಿಗವ್ವ ಕೂತಲ್ಲಿಂದಲೇ ಕೈ ಮುಗಿದು ಎಲ್ಲರನ್ನೂ ಕೇಳುತ್ತಿದ್ದಳು. “ಒಂದ ಸಲ ಬಿಚ್ಚ್ರಿ. ಫೋಟೊ ತಗಿಯೂತನಾ ಬಿಚ್ಚ್ರಿ.”

“ಬ್ಯಾಡವ್ವ” ಎಂದರು ದವಾಖಾನೆಯಿಂದ ಜೊತೆಗೆ ಬಂದಿದ್ದ ಹಿರಿಯರೊಬ್ಬರು. “ನಾ ನೋಡೇನಿ. ನೀ ನೋಡಬ್ಯಾಡ. ಕೈ ಮುಗಿತೇನಿ, ನೀ ನೋಡಬ್ಯಾಡ.”

ಅಪ್ಪ ಕ್ಯಾಮೆರಾ ಕಣ್ಣಿಗಿಟ್ಟ. ಹಾಗೇ ನಿಂತ. ಖಟಕ್ ಎನ್ನುತ್ತದೆಂದು ನಾನು ಹಲ್ಲು ಕಚ್ಚಿ ಕಾಯುತ್ತಿದ್ದೆ. ಎನ್ನಲಿಲ್ಲ. ಅವನು ಕ್ಯಾಮೆರಾ ಇಳಿಸಿ ಚೀಲಕ್ಕೆ ಹಾಕಿಬಿಟ್ಟ. ಅವನು ಮಣ್ಣಿಗೆ ಹೋಗಿ ಖಾಲಿ ಕಾರ್ಡು ತಂದದ್ದು ಅದೊಂದೇ ಸಲ.

ಕೊರಳಿಂದ ಕೆಳಗೆ ಸೀರೆ, ಸೆರಗಿನ ತೆನೆ ಎಣಿಸುವ ಹಾಗೆ. ಕೊರಳಿಂದ ಮೇಲೆ ಏನೂ ಇಲ್ಲ. ಆ ಚೌಕಟ್ಟು ನನಗೆ ಚೆನ್ನಾಗಿ ಗೊತ್ತಿತ್ತು. ಎಷ್ಟೋ ಸಲ ನಾನೇ ಹಾಕಿದ್ದು. ನಾನು ಹಿತ್ತಲಿಗೆ ಓಡಿ, ಬಣ್ಣದ ನೂಲು ಒಣಹಾಕಿದ್ದ ಗಳುವನ್ನು ಹಿಡಿದು ನಿಂತೆ.

ಮೂರನೆಯ ದಿನ ಚಿಗವ್ವ ನನ್ನನ್ನು ಕರೆಸಿದಳು. ಮಗ್ಗ ನಿಂತಿತ್ತು. ಪರೀಕ್ಷೆಯ ಅರ್ಜಿಗೆಂದು ನಮ್ಮ ಸ್ಟುಡಿಯೊದಲ್ಲೇ ತೆಗೆದ ಪಾಸ್‌ಪೋರ್ಟ್ ಫೋಟೊವನ್ನು ಯಾರೋ ದೊಡ್ಡದು ಮಾಡಿಸಿ, ಚೌಕಟ್ಟು ಹಾಕಿ ಗೋಡೆಗೆ ತೂಗಿದ್ದರು. ಎರಡೂ ಕಿವಿ ಕಾಣಬೇಕು, ನಗಬಾರದು ಎಂಬ ನಿಯಮದ ಫೋಟೊ. ತುಟಿ ಹೊಲಿದುಕೊಂಡು, ಕಣ್ಣು ಕಿಸಿದು ಕೂತಿದ್ದಳು.

“ಇದು ನನ್ನ ಮಗಳಲ್ಲ” ಎಂದಳು ಚಿಗವ್ವ. “ಕಳುವು ಮಾಡಿ ಸಿಕ್ಕೊಂಡಾಕಿ ಹಂಗ ಕುಂತಾಳ. ನನ್ನ ಮಗಳು ಹಿಂಗಿದ್ಲೇನ? ನೀ ಹೇಳು.”

“ಇಲ್ಲ ಚಿಗವ್ವ.”

“ನೀ ಅಕಿವು ಅಷ್ಟೊಂದು ಫೋಟೊ ತಗದೀಯಲ್ಲ. ನಕ್ಕಿದ್ದೊಂದ ಕೊಡವ್ವ. ಆ ಹಲ್ಲ ಕಾಣೂವಂಥಾದ್ದು. ಅಕಿ ನಕ್ಕದ್ದ ಹೆಂಗಿತ್ತಂತ… ನಿನ್ನೆಯಿಂದ ನೆನಸ್ಕೊಳ್ಳಾಕ ಹತ್ತೇನಿ, ಆ ಸುತ್ತಿದ ಬಿಳಿ ಬಟ್ಟೀನ ಬರ್ತೈತಿ ಕಣ್ಣ ಮುಂದ.”

ಮನೆಗೆ ಬಂದು ತಂಗಿಯ ಫೋಟೊಗಳನ್ನೆಲ್ಲ ತೆರೆದೆ. ನೂರಾರು. ಕೆಂಪು ಸೆರಗು, ನೀಲಿ ಮೈ, ಹಸಿರು ದಡಿ, ಎಲ್ಲದರ ಮೇಲೂ ನೇರವಾಗಿ ಕೊಯ್ದ ಕೊರಳು. ಒಂದೇ ಒಂದರಲ್ಲಾದರೂ ನನ್ನ ಕೈ ನಡುಗಿರಬಾರದೇ, ಒಂದೇ ಒಂದರಲ್ಲಿ ನಾನು ದಡ್ಡಿಯಾಗಿರಬಾರದೇ ಎಂದು ಹುಡುಕಿದೆ. ಇಲ್ಲ. ಊರಿಗೇ ಜಾಣೆ ನಾನು.

ಉಳಿದದ್ದು ಗಣಿತ ನೋಟ್ಸ್. ಅಲ್ಲಿದೆ ಎಂದು ಮೊದಲಿಂದಲೂ ಗೊತ್ತಿತ್ತು. ಅದನ್ನು ಕೊಟ್ಟರೆ ಎಲ್ಲಿಂದ ಬಂತೆಂದು ಹೇಳಬೇಕು. ಸಾಯುವ ಎರಡು ವಾರ ಮೊದಲು ನಾನು ನಿನ್ನ ಮಗಳನ್ನು ಸತ್ತವರ ಕ್ಯಾಮೆರಾದ ಮುಂದೆ ನಿಲ್ಲಿಸಿ, ಯಮನ ಹೆಸರು ತೆಗೆದು ನಗಿಸಿದ್ದೆ ಎಂದು ಹೇಳಬೇಕು. ನಾನು ಅಂಥದ್ದನ್ನೆಲ್ಲ ನಂಬುವವಳಲ್ಲ. ಹಾಗೆಂದು ಕಾಲೇಜಿನಲ್ಲಿ ಭಾಷಣ ಮಾಡಿ ಚಪ್ಪಾಳೆಯನ್ನೂ ಗಿಟ್ಟಿಸಿದವಳು. ಆದರೂ ಕರಿ ಚೀಲ ತೂಗುವ ಗೋಡೆಯ ಕಡೆ ಬೆನ್ನು ಮಾಡಿ ಕೂರಲು ಅವತ್ತು ನನಗೆ ಆಗಲಿಲ್ಲ.

ನಾಲ್ಕು ದಿನ ಸುಮ್ಮನಿದ್ದೆ. ನಾನು ನಾಲ್ಕು ದಿನ ಸುಮ್ಮನಿದ್ದರೆ ನಮ್ಮವ್ವ ಜ್ವರದ ಗುಳಿಗೆ ಕೊಡುತ್ತಾಳೆ, ಕೊಟ್ಟಳು. ಐದನೆಯ ದಿನ ಬೆಳಗ್ಗೆ ಹಲ್ಲು ಕಾಣುವ ಫೋಟೊವನ್ನು ಪ್ರಿಂಟು ಹಾಕಿ ಅಪ್ಪನ ಮುಂದಿಟ್ಟೆ. ಅವನು ಕನ್ನಡಕ ಏರಿಸಿ ನೋಡಿದ. ಮುಖ ನೋಡುವ ಮೊದಲು ಸೆರಗು ನೋಡಿದ, ಅದು ಅವನ ಚಾಳಿ.

“ಇದು ಮಣ್ಣಿಂದರಾಗ ತಗದದ್ದು” ಎಂದ. “ಕೆಂಪ ಹೇಳ್ತೈತಿ.”

“ಹೌದಪ್ಪಾ.”

“ಯಾವಾಗ?”

ಹೇಳಿದೆ. ಹೊಡೆಯುತ್ತಾನೆಂದು ಕೆನ್ನೆಯನ್ನು ಸಿದ್ಧ ಮಾಡಿಕೊಂಡಿದ್ದೆ. ಅವನು ಫೋಟೊವನ್ನು ಅಂಗಿಯ ತುದಿಯಿಂದ ಒರೆಸಿದ. ಅದರ ಮೇಲೆ ಧೂಳೇನೂ ಇರಲಿಲ್ಲ.

“ಆ ನಿಯಮ ನಾನ ಮಾಡಿದ್ದು, ದೇವರು ಮಾಡಿದ್ದಲ್ಲ” ಎಂದ. “ಮದುವಿ ಕ್ಯಾಮೆರಾ ರಿಪೇರಿಗೆ ಹೋದಾಗ ಗುಡೂರಿನಾಗ ಎರಡು ಮದುವಿ ಇದರಾಗ ತಗದೇನಿ. ಚೀಲಾ ಬದಲಿ ಮಾಡಿ ಒಯ್ದಿದ್ದೆ. ಯಾರಿಗೂ ಹೇಳಿಲ್ಲ. ಎರಡೂ ಜೋಡಿ ಆರಾಮ ಅದಾವ, ಮಕ್ಕಳಾಗ್ಯಾವ.”

“ಹಂಗಾರ ಚಿಗವ್ವಗ ಹೇಳೂದ ಬ್ಯಾಡೇನು?”

“ಅಕಿ ಬೋರ್ಡ ಓದ್ಯಾಳ. ಕೇಳ್ತಾಳ. ಕೇಳಿದಾಗ ಸುಳ್ಳ ಹೇಳಬ್ಯಾಡ. ನಾ ಬೇಕಾದ್ರ ಜೋಡಿ ಬರ್ತೇನಿ.”

ಬಂದ. ಚಿಗವ್ವನ ಮನೆಯ ಬಾಗಿಲಿನ ತನಕ ಬಂದು, ಹೊಸ್ತಿಲ ಹೊರಗೆ ಚಪ್ಪಲಿಗಳ ನಡುವೆ ನಿಂತ. ನಾನು ಒಳಗೆ ಹೋಗಿ ಫೋಟೊ ಕೊಟ್ಟೆ.

ಚಿಗವ್ವ ಅದನ್ನು ಎರಡೂ ಕೈಯಲ್ಲಿ ಹಿಡಿದಳು. ಕೆಳಗಿನಿಂದ ನೋಡುತ್ತ ಬಂದಳು: ನಿರಿಗೆ, ಸೊಂಟ, ಕೊಂಡಿ ಹಾಕಿದ ಜಾಗ, ಸೆರಗು, ಕೊರಳು. ತುದಿಯಲ್ಲಿ ಗದ್ದ, ಗದ್ದದ ಮೇಲೆ ತೆರೆದ ಬಾಯಿ, ಆ ಒಂದು ಹಲ್ಲು. ಮೇಲ್ತುಟಿಯ ಮೇಲೆ ಫೋಟೊ ಮುಗಿದಿತ್ತು. ಅವಳ ಬೆರಳು ಹಲ್ಲಿನ ಮೇಲೆ ನಿಂತಿತು.

“ಇದ ನೋಡು” ಎಂದಳು. “ಇದ ನನ್ನ ಮಗಳು.”

ಬೆರಳನ್ನು ಹಾಗೇ ಇಟ್ಟುಕೊಂಡು, “ಉಳದ ಫೋಟೊದಾಗೆಲ್ಲ ಬಾಯಿ ಬಂದಿಲ್ಲ, ಇದರಾಗ ಹೆಂಗ ಬಂತು?” ಎಂದಳು.

ನಾನು ಹೇಳಿದೆ. ಹೆದರಿದಾಗ ನನಗೆ ಮಾತು ಹೆಚ್ಚು. ಪರದೆಯಲ್ಲಿ ನೋಡಿ ತೆಗೆದರೆ ಕಂಡಷ್ಟೇ ಬರುತ್ತದೆ, ಕಿಂಡಿಯಲ್ಲಿ ನೋಡಿ ತೆಗೆದರೆ ಕಂಡದ್ದಕ್ಕಿಂತ ಎರಡು ಬೆರಳು ಹೆಚ್ಚು ಬರುತ್ತದೆ, ಕ್ಯಾಮೆರಾದ ಕಣ್ಣು ನಮ್ಮ ಕಣ್ಣಿಗಿಂತ ಆಸೆಬುರುಕ ಎಂದು ಮಾಸ್ತರರ ಹಾಗೆ ಕೈ ಆಡಿಸುತ್ತ ವಿವರಿಸಿದೆ. ಎರಡನೆಯ ಪ್ರಶ್ನೆ ಬರದಿದ್ದರೆ ಸಾಕೆಂದು ವಿವರಿಸಿದೆ.

ಬಂತು. “ಅಂದ್ರ ಇದು ಬ್ಯಾರೆ ಕ್ಯಾಮೆರಾದಾಗ ತಗದೀ?”

“ಹೂಂ.”

“ಯಾವದರಾಗ?”

ಹೊರಗೆ ಅಪ್ಪ ಕೆಮ್ಮಿದ.

“ಮಣ್ಣಿಂದರಾಗ, ಚಿಗವ್ವ.”

ಅವಳು ಬೈಯಲಿಲ್ಲ. ಫೋಟೊವನ್ನು ಕವುಚಿ ನೆಲದ ಮೇಲಿಟ್ಟಳು, ಅದರ ಮೇಲೆ ಅಂಗೈ ಇಟ್ಟಳು. ಆ ಅಂಗೈ ಗೆಳತಿಯದ್ದೇ. ಬಾಯಿ ಮುಚ್ಚಿಕೊಳ್ಳುವಾಗ ಬೆರಳುಗಳು ಹೀಗೇ ಅಗಲುತ್ತಿದ್ದವು.

“ನಡಿಯವ್ವ ನೀನು” ಎಂದಳು. “ಇನ್ನ ಬರಬ್ಯಾಡ.”

ದಾರಿಯುದ್ದಕ್ಕೂ ಅಪ್ಪ ಎರಡು ಹೆಜ್ಜೆ ಮುಂದೆ ನಡೆದ. ಸ್ಟುಡಿಯೊದ ಬಾಗಿಲು ತೆಗೆಯುವಾಗ ಒಮ್ಮೆ ಬೋರ್ಡಿನ ಕಡೆ ನೋಡಿದ, ಅಷ್ಟೇ. ಅದನ್ನು ಇಳಿಸಲಿಲ್ಲ. ಇಳಿಸಿದರೆ ಯಾಕೆಂದು ಊರು ಕೇಳುತ್ತದೆ.

ಸೀರೆಗೆ ಬೇರೆ ಹುಡುಗಿ ಬಂದಳು. ಸಾವಕಾರರು ಎಂದಿನಂತೆ “ತಲಿ ಹಾರ್ಸು” ಎಂದರು. ಒಳಗಿನಿಂದ ಅಪ್ಪ, “ಮ್ಯಾಲಿಂದು ಬ್ಯಾಡ ಅನ್ರಿ ಸಾವಕಾರ್ರ, ಹಂಗ ಅನಬ್ಯಾಡ್ರಿ” ಎಂದ. ನಾನು ಪರದೆ ಮಡಚಿ ಕಿಂಡಿಗೆ ಕಣ್ಣಿಟ್ಟು ತೆಗೆಯತೊಡಗಿದೆ. ಹೊಸ ಹುಡುಗಿಯ ಮುಖವನ್ನೂ ಪೂರ್ತಿ ಸೇರಿಸಿಕೊಳ್ಳುತ್ತಿದ್ದೆ. ಕಳಿಸುವಾಗ ಕಂಪ್ಯೂಟರಿನಲ್ಲಿ ಕತ್ತರಿಸುತ್ತಿದ್ದೆ, ಇಡಿಯದ್ದನ್ನು ಎತ್ತಿಡುತ್ತಿದ್ದೆ. ಯಾಕೆಂದು ಅವಳು ಕೇಳಿದಾಗ, ನಿನ್ನ ಸೌಂದರ್ಯಕ್ಕೆ ಮರುಳಾಗಿ ಎಂದೆ. ನಾಚಿಕೊಂಡಳು. ಜೋಕುಗಳು ಈಗಲೂ ಬರುತ್ತವೆ. ನಗುವವರು ಬದಲಾಗಿದ್ದಾರೆ.

ಮೂರು ತಿಂಗಳ ಮೇಲೆ ಒಂದು ಮಧ್ಯಾಹ್ನ ಚಿಗವ್ವ ಸ್ಟುಡಿಯೊಗೆ ಬಂದಳು. ಸೆರಗಿನೊಳಗೆ ಎರಡು ಫೋಟೊ ಇದ್ದವು. ಪಾಸ್‌ಪೋರ್ಟಿನದು, ನಗುವಿನದು. ನಗುವಿನದರ ಅಂಚು ಹಿಡಿದು ಹಿಡಿದು ಮೆತ್ತಗಾಗಿತ್ತು. ಅಪ್ಪ ಎದ್ದು ಕುರ್ಚಿ ಬಿಟ್ಟುಕೊಟ್ಟು ಹೊರಗೆ ಹೋದ.

“ಇದರ ಕಣ್ಣು, ಇದರ ಬಾಯಿ” ಎಂದಳು ಚಿಗವ್ವ, ಒಂದನ್ನು ಇನ್ನೊಂದರ ಮೇಲಿಟ್ಟು. “ಮೈಗೂ ಸೆರಗಿಗೂ ನಾ ಕೊಂಡಿ ಹಾಕ್ತೇನಿ, ಬ್ಯಾರೆ ಬ್ಯಾರೆ ನೂಲಿದ್ರೂ. ಇದಕ್ಕ ಕೊಂಡಿ ಹಾಕಾಕ ನಿನ್ನ ಕಂಪ್ಯೂಟರಿಗೆ ಬರಂಗಿಲ್ಲೇನು?”

“ಬರ್ತೈತಿ ಚಿಗವ್ವ” ಎಂದೆ. ಬರುವುದಿಲ್ಲ ಎಂದು ಹೇಳಿ ನನಗೆ ರೂಢಿಯಿಲ್ಲ.

ಒಂದು ತಾಸು ಕೂತೆ. ಬೆಳಕು ಸೇರಿಸಿದೆ, ಬಣ್ಣ ಸೇರಿಸಿದೆ, ಪಾಸ್‌ಪೋರ್ಟ್ ಫೋಟೊದಲ್ಲಿದ್ದ ತಂಗಿಯ ಹಸಿರನ್ನು ತೊಳೆದೆ, ಕೆನ್ನೆಯ ಮೇಲಿನ ಜೋಡಣೆಯನ್ನು ಒರೆಸಿ ಒರೆಸಿ ತೆಗೆದೆ. ಹುಡುಕಿದರೂ ಗೆರೆ ಸಿಗುತ್ತಿರಲಿಲ್ಲ. ಆದರೂ ಮೇಲಿನ ಕಣ್ಣುಗಳಿಗೆ ಕೆಳಗಿನ ಬಾಯಿ ಯಾಕೆ ನಗುತ್ತಿದೆ ಎಂಬುದು ಗೊತ್ತಿರಲಿಲ್ಲ. ಪರೀಕ್ಷೆಗೆ ಹೆದರಿದ ಕಣ್ಣು, ಯಮನ ಮೇಲಿನ ಜೋಕಿಗೆ ನಕ್ಕ ಬಾಯಿ.

ಚಿಗವ್ವ ಪರದೆಯ ಹತ್ತಿರ ಬಾಗಿ ನೋಡಿದಳು.

“ಇಕಿ ಯಾರ ಮಗಳವ್ವಾ?” ಎಂದಳು. “ತಗಿ. ತಗದಬಿಡು.”

ತೆಗೆದೆ. ಪರದೆಯ ಮೇಲೆ ನಗುವಿನ ಫೋಟೊ ಒಂದೇ ಉಳಿಯಿತು, ಅಕ್ಕ ತೆಗೆದದ್ದು. ಸೆರಗಿನ ಕೆಂಪು, ಕೊರಳು, ಗದ್ದ, ಹಲ್ಲು. ಚಿಗವ್ವ ಎದ್ದು ಹೋಗುತ್ತಾಳೆಂದುಕೊಂಡೆ. ಅವಳು ಕುರ್ಚಿಯನ್ನು ಇನ್ನೂ ಹತ್ತಿರಕ್ಕೆ ಎಳೆದುಕೊಂಡಳು.

“ನೀ ಅವತ್ತು ಹೇಳಿದ್ದಿ” ಎಂದಳು. “ನಮಗ ಕಾಣೂದಕ್ಕಿಂತ ಇದು ಎರಡ ಬಟ್ಟು ಹೆಚ್ಚಿಗಿ ತಗೊಂಡಿರ್ತೈತಿ ಅಂತ.”

“ಹೌದು ಚಿಗವ್ವ, ಆದ್ರ ಆ ಎರಡ ಬಟ್ಟು…”

“ಅಂದ್ರ ಒಳಗ ಇನ್ನೊಂದೀಟು ಇದ್ದೀತು. ಕಾಗದದಾಗ ಬಂದಿಲ್ಲ ಅಷ್ಟ.” ಅವಳ ಬೆರಳು ಕಂಡಿಕೆ ಸುತ್ತುವಾಗಿನ ಹಾಗೆ ಗಾಳಿಯಲ್ಲಿ ತಿರುಗಿತು. “ಮ್ಯಾಲಕ್ಕ ಸರ್ಸವ್ವ. ಕಣ್ಣ ಒಂದ ಬಂದ್ರ ಸಾಕು.”

ಆ ಎರಡು ಬೆರಳು ಮುಗಿದಿವೆ, ಆ ಹಲ್ಲೇ ಆ ಎರಡು ಬೆರಳು ಎಂದು ಹೇಳಬೇಕಿತ್ತು. ಮೌಸಿನ ಚಕ್ರದ ಮೇಲೆ ಬೆರಳಿಟ್ಟು ಸರಿಸಿದೆ. ಹಲ್ಲು ಕೆಳಗಿಳಿಯಿತು. ಮೇಲ್ತುಟಿ ಬಂತು. ಅದರ ಮೇಲೆ ಫೋಟೊದ ಅಂಚು, ಅಂ‌ಚಿನ ಮೇಲೆ ಬರೀ ಬೂದು ಬಣ್ಣ.

“ಇನ್ನಾ” ಎಂದಳು ಚಿಗವ್ವ.

ನಾನು ಸರಿಸುತ್ತಲೇ ಹೋದೆ.